ಕದ್ದ ಕಡಲೆಕಾಯಿ ಯಂತ್ರ

ಕದ್ದ ಮಾಲು ಕಮ್ಮಾರನ ಅಂಗಡಿಯ ಬಾಗಿಲಲ್ಲೇ, ಬೀದಿಗೆ ಮುಖ ಮಾಡಿ ಕೂತಿತ್ತು.

ಬಡಗಿ ಗಕ್ಕನೆ ನಿಂತ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಅದೇ ಮರದ ಪೆಟ್ಟಿಗೆ, ಅದೇ ಕಬ್ಬಿಣದ ಹಲ್ಲಿನ ಉರುಳೆ, ಅದೇ ಬಾಗಿದ ಹಿಡಿ. ಹಿಡಿ ಮಾತ್ರ ಎಡಗಡೆಗಿತ್ತು. ಕಡಲೆಕಾಯಿ ಸುಲಿಯುವ ಆ ಯಂತ್ರ ಅವನು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಹುಟ್ಟಿಸಿದ್ದು. ಸರ್ಕಾರದಿಂದ ಪೇಟೆಂಟ್ ಕೂಡ ಸಿಕ್ಕಿತ್ತು. ಅವನ ಒಪ್ಪಿಗೆಯಿಲ್ಲದೆ ಬೇರೆ ಯಾರೂ ಅದನ್ನು ಮಾಡುವಂತಿಲ್ಲ, ಮಾರುವಂತಿಲ್ಲ.

ಹಾಗೆ ನೋಡಿದರೆ ಅವನಿಂದ ಕೊಂಡವರೂ ಇರಲಿಲ್ಲ. ಊರಿನವರಿಗೆ ಕಡಲೆಕಾಯಿ ಸುಲಿಯುವುದೆಂದರೆ ನಾಲ್ಕು ಜನ ಸುತ್ತ ಕೂತು ಮಾತಾಡುವುದಕ್ಕೊಂದು ನೆಪ. ಯಂತ್ರ ತಿರುಗಿಸಿದರೆ ಅದರ ಗಡಗಡ ಸದ್ದಿಗೆ ಪಕ್ಕದವರ ಚಾಡಿಯೂ ಕೇಳಿಸುತ್ತಿರಲಿಲ್ಲ. ಕೆಲಸ ಬೇಗ ಮುಗಿಯುವುದು ಯಾರಿಗೂ ಬೇಕಿರಲಿಲ್ಲ. ಮಾಡಿಟ್ಟವು ಧೂಳು ಹಿಡಿದವು. ಬಡಗಿ ಕೆಲಸದ ಕೋಣೆಗೆ ಬೀಗ ಜಡಿದು ಜಗುಲಿಯ ಮೂಲೆ ಹಿಡಿದ. ಉಳಿ ಮುಟ್ಟಲಿಲ್ಲ. ಊಟಕ್ಕೆ ಕರೆದರೆ ಬಂದು, ತಟ್ಟೆಯಲ್ಲಿ ಕೈಯಾಡಿಸಿ ಎದ್ದುಹೋಗುತ್ತಿದ್ದ. ಹೀಗೇ ಆದರೆ ಮನುಷ್ಯ ಉಳಿಯುವುದಿಲ್ಲ ಎಂದು ಹೆಂಡತಿಗೆ ಒಳಗೊಳಗೇ ದಿಗಿಲು. ಕುಡುಗೋಲಾದರೂ ಹರಿತ ಮಾಡಿಸಿಕೊಂಡು ಬನ್ನಿ ಎಂದು ಅವತ್ತು ಅವಳೇ ಒತ್ತಾಯ ಮಾಡಿ ಅಟ್ಟಿದ್ದಳು.

ಮೊಂಡ ಕುಡುಗೋಲನ್ನು ಹಾಗೇ ಹಿಡಿದುಕೊಂಡು ಬಡಗಿ ಮನೆಗೆ ಬಂದ.

"ನನ್ನ ತಲೆಯನ್ನೇ ಕದ್ದಿದ್ದಾನೆ ಕಣೇ. ಉರುಳೆಗೆ ಹಲ್ಲು ಬಡಿದುಕೊಡೋವಾಗಲೇ ಅಳತೆ ತಗೊಂಡಿರಬೇಕು."

"ಹಿಡಿ ಕೂಡ ನಿಮ್ಮದರ ಹಾಗೇ ಇದೆಯಾ?"

"ಎಡಕ್ಕಿಟ್ಟಿದ್ದಾನೆ. ಕದಿಯೋನು ಸರಿಯಾಗಾದ್ರೂ ಕದೀಬೇಡ್ವಾ?"

ಅವತ್ತು ಎರಡು ಸಲ ಬಡಿಸಿಕೊಂಡು ಉಂಡ.

ಬೆಳಿಗ್ಗೆ ಗಡ್ಡ ಹೆರೆದು, ಒಗೆದ ಅಂಗಿ ತೊಟ್ಟು, ಪೇಟೆಯ ವಕೀಲರಲ್ಲಿಗೆ ಹೊರಟ. ಬಸ್ಸಿನಲ್ಲಿ ಪಕ್ಕದವನಿಗೆ, ಹಿಂದಿನವನಿಗೆ, ಕೊನೆಗೆ ಕಂಡಕ್ಟರನಿಗೂ ವಿಷಯ ಹೇಳಿದ. ಬೆಲೆಯಿಲ್ಲದ್ದನ್ನು ಯಾರಾದರೂ ಕದಿಯುತ್ತಾರೆಯೇ ಎಂಬುದು ಅವನ ವಾದ. ಕಂಡಕ್ಟರ್ ಒಪ್ಪಿದ.

ಈವರೆಗೆ ನೀವೆಷ್ಟು ಮಾರಿದ್ದೀರಿ ಎಂದು ವಕೀಲರು ಕೇಳಿದಾಗ ಬಡಗಿ ಕಿಟಕಿಯ ಚೌಕಟ್ಟಿನ ಮರ ಯಾವುದೆಂದು ವಿಚಾರಿಸಿದ. ವಕೀಲರು ಮತ್ತೆ ಕೇಳಲಿಲ್ಲ. ಕೋರ್ಟಿಗೆ ಎಳೆದು ತಯಾರಿಕೆ ನಿಲ್ಲಿಸಬಹುದು, ಇಲ್ಲವೇ ಪರವಾನಗಿ ಕೊಟ್ಟು ಮಾಡಲು ಬಿಡಬಹುದು ಎಂದರು. ಕಾನೂನಿನಲ್ಲಿ ಎರಡಕ್ಕೂ ದಾರಿಯಿದೆ, ಬಾಗಿಲ ಕೀಲಿ ನಿಮ್ಮ ಕೈಯಲ್ಲೇ ಇದೆ ಎಂದರು.

ವಾಪಸು ಬರುತ್ತ ಬಡಗಿ ಯೋಚಿಸಿದ. ಬಾಗಿಲು ಹಾಕಿದರೆ ಕಮ್ಮಾರ ಸುಮ್ಮನಾಗುತ್ತಾನೆ. ಯಂತ್ರವೂ ಸುಮ್ಮನಾಗುತ್ತದೆ. ತಾನು ಅದನ್ನು ಹುಟ್ಟಿಸಿದ್ದು ಪೆಟ್ಟಿಗೆಯಲ್ಲಿಟ್ಟು ಕಾಯುವುದಕ್ಕೋ, ನಾಲ್ಕು ಮನೆಯಲ್ಲಿ ತಿರುಗಲಿ ಎಂದೋ?

ಬಸ್ಸಿಳಿದು ನೆಟ್ಟಗೆ ಕಮ್ಮಾರನ ಅಂಗಡಿಗೆ ಹೋದ. ದಾರಿಯುದ್ದಕ್ಕೂ ಜಗಳಕ್ಕೆ ಮಾತು ಕೂಡಿಸಿಕೊಂಡು ಬಂದಿದ್ದ. ಬಾಯಿ ತೆರೆಯುವ ಮೊದಲೇ ಕಮ್ಮಾರ ಎದ್ದು ನಿಂತು, "ತಪ್ಪಾಯ್ತಣ್ಣ, ನಿಮ್ದೇ ನೋಡಿ ಮಾಡಿದ್ದು," ಎಂದುಬಿಟ್ಟ. ಕೂಡಿಸಿದ ಮಾತೆಲ್ಲ ದಂಡವಾಯಿತಲ್ಲ ಎಂದು ಬಡಗಿಗೆ ಬೇಜಾರೇ ಆಯಿತು.

"ಕೋರ್ಟಿಗೆ ಹೋಗಲ್ಲ ಕಣೋ. ಪರವಾನಗಿ ಕೊಟ್ಟಿದ್ದೀನಿ. ಊರಿಗೆಲ್ಲ ಮಾಡಿ ಮಾರು. ಆದ್ರೆ ಹಿಡಿ ಬಲಕ್ಕಿರಬೇಕು. ಮಾದರಿ ನಾನೇ ಮಾಡಿಕೊಡ್ತೀನಿ."

ಕಮ್ಮಾರನ ಮುಖ ಸಣ್ಣದಾಯಿತು. ಪಶ್ಚಾತ್ತಾಪ ಎಂದುಕೊಂಡ ಬಡಗಿ ಅವನ ಬೆನ್ನು ತಟ್ಟಿ, ಮನೆಗೆ ಬಂದು ಕೆಲಸದ ಕೋಣೆಯ ಬೀಗ ತೆಗೆದ.

ಸ್ವಲ್ಪ ಹೊತ್ತಿಗೆ ಕಮ್ಮಾರ ಆ ಮನೆಯ ಹಿತ್ತಲಿಗೆ ಬಂದ. ಬಡಗಿಯ ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು.

"ಅಕ್ಕಾ, ಅವರದ್ದನ್ನ ನೋಡಿ ಒಂದೇ ಒಂದು ಕದ್ದು ಮಾಡಿದ್ರೆ ಸಾಕು ಅಂದಿದ್ರಿ. ಈಗ ಊರಿಗೆಲ್ಲ ಮಾಡು ಅಂತಿದ್ದಾರೆ. ಯಾರು ತಗೋತಾರೆ ಹೇಳಿ?"

ಒಳಗಿನಿಂದ ಉಳಿಯ ಸದ್ದು ಬರುತ್ತಿತ್ತು. ಅವಳು ಕೈ ನಿಲ್ಲಿಸಿ ಅದನ್ನೇ ಕೇಳಿಸಿಕೊಂಡಳು.

"ಒಪ್ಪಿಗೆ ಸಿಕ್ಕ ಮೇಲೆ ನೀನಿನ್ನು ಕಳ್ಳ ಅಲ್ವಲ್ಲಪ್ಪ. ಪಕ್ಕದೂರಲ್ಲಿ ಕದಿಯೋ ಕಮ್ಮಾರರು ಯಾರಾದ್ರೂ ಇದ್ದಾರಾ, ನೋಡು."