ತಂಡ ಬಿಟ್ಟು ಹೋಗುವವರು

ಕಾಲೇಜು ಬದಲಿಸಿದ ಫುಟ್‌ಬಾಲ್ ಆಟಗಾರ ಒಂದು ವರ್ಷ ಹೊರಗೆ ಕೂರಬೇಕು ಎಂಬ ಹೊಸ ನಿಯಮಕ್ಕಾಗಿ ವಿಶ್ವವಿದ್ಯಾಲಯದ ಸಭೆಯಲ್ಲಿ ಮೇಜು ಗುದ್ದಿ ವಾದಿಸಿದವರು ನಮ್ಮ ಕೋಚ್. ನಿಯಮ ಬಂತು. ನಮ್ಮ ಗೋಲ್‌ಕೀಪರ್ ಸೆಲ್ವಿನ್‌ಗೆ ಎದುರಾಳಿ ಕಾಲೇಜಿನವರು ಹಾಸ್ಟೆಲ್ಲು, ಊಟ, ಫೀಸು ಎಲ್ಲ ಕೊಡಲು ಕಾಯುತ್ತಿದ್ದರು. ನಿಯಮಕ್ಕೆ ಹೆದರಿ ಅವನು ಹೋಗಲಿಲ್ಲ.

“ಬೇಜಾರೇನೋ?” ಕೋಚ್ ಬಾಗಿಲು ಹಾಕಿಕೊಂಡು ಅವನ ಎಡಮಂಡಿಗೆ ಬ್ಯಾಂಡೇಜು ಸುತ್ತುತ್ತಾ ಕೇಳಿದರು.

“ಇಲ್ಲ ಸಾರ್. ಆದ್ರೆ ಈ ಮಂಡಿ ವಿಷ್ಯ ಯಾರಿಗಾದ್ರೂ ಗೊತ್ತಾದ್ರೆ?”

“ನೀನು ಎಡಗಡೆ ಹಾರಕ್ಕಾಗಲ್ಲ ಅಂತ ನಮ್ಮಿಬ್ಬರನ್ನ ಬಿಟ್ರೆ ಯಾರಿಗ್ ಗೊತ್ತು? ತಂಡ ಅಂದ್ರೆ ಮನೆ ಇದ್ದಂಗೆ ಕಣೋ. ಮನೆ ಬಿಟ್ಟು ಹೋಗೋನು ಮನುಷ್ಯನಾ?”

ಮುಂದಿನ ತಿಂಗಳು ಕೋಚೇ ಹೋದರು, ಅದೇ ಎದುರಾಳಿ ಕಾಲೇಜಿಗೆ. ಕೋಚುಗಳ ಬಗ್ಗೆ ನಿಯಮದಲ್ಲಿ ಒಂದಕ್ಷರವೂ ಇರಲಿಲ್ಲ.

ಫೈನಲ್‌ನ ಕೊನೆಗೆ ನಮ್ಮ ವಿರುದ್ಧ ಅವರ ಹೊಸ ತಂಡಕ್ಕೆ ಪೆನಾಲ್ಟಿ ಸಿಕ್ಕಿತು. ಚೆಂಡು ಇಟ್ಟ ಆಟಗಾರ ತಿರುಗಿ ತನ್ನ ಕೋಚನ್ನು ನೋಡಿದ. ಸೆಲ್ವಿನ್ ಕೂಡ ಅವರನ್ನೇ ನೋಡುತ್ತಿದ್ದ.

ಗೆರೆಯಾಚೆ ನಿಂತಿದ್ದ ಕೋಚ್ ನಿಧಾನವಾಗಿ ಬಗ್ಗಿ, ತಮ್ಮ ಎಡಮಂಡಿಯನ್ನು ತಟ್ಟಿ ತೋರಿಸಿದರು.