ಬೆಂಚಿನ ಕೆಳಗಿನ ಚೀಟಿ

ಹೊಸ ವರ್ಷದ ಮೊದಲ ಆರಾಧನೆ ಮುಗಿದ ಮೇಲೆ ಸ್ತ್ರೀ ಸಂಘದವರು ಚೀಟಿ ಎತ್ತುವುದು ಆ ಚರ್ಚಿನ ಪದ್ಧತಿ. ಚೀಟಿಯಲ್ಲಿ ಯಾರ ಹೆಸರು ಬರುತ್ತದೋ ಅವರಿಗಾಗಿ ವರ್ಷವಿಡೀ ಗುಟ್ಟಾಗಿ ಪ್ರಾರ್ಥಿಸಬೇಕು. ವರ್ಷದ ಕೊನೆಯ ಭಾನುವಾರ ಅವರೆದುರು ಹೋಗಿ ನಿಂತು ಗುಟ್ಟು ಬಿಟ್ಟುಕೊಡಬೇಕು.

ಪ್ರಿಸಿಲ್ಲಾ ಟೀಚರಿಗೆ ಬಂದದ್ದು ಚರ್ಚಿನ ಕಸ ಗುಡಿಸುವ ರಾಹೇಲಮ್ಮನ ಹೆಸರು. ಸಭಾಪಾಲಕರ ಹೆಂಡತಿಯ ಹೆಸರು ಬರಲೆಂದು ಕಾದಿದ್ದವಳು ಚೀಟಿಯನ್ನು ಮುದುರಿ ಬೆಂಚಿನ ಕೆಳಗೆ ಬಿಸಾಡಿದಳು. ಆಮೇಲೆ ಒಂದು ದಿನವೂ ಆ ಹೆಸರು ಅವಳ ನಾಲಿಗೆಗೆ ಬರಲಿಲ್ಲ.

ಕೊನೆಯ ಭಾನುವಾರ ಬಂದೇ ಬಿಟ್ಟಿತು. ಒಬ್ಬೊಬ್ಬರೂ ಎದ್ದು ಹೋಗಿ ತಮ್ಮ ತಮ್ಮವರನ್ನು ತಬ್ಬಿಕೊಂಡರು. ರಾಹೇಲಮ್ಮ ಮಾತ್ರ ಬಾಗಿಲ ಬಳಿ ಒಬ್ಬಳೇ ಉಳಿದಳು. ಆ ವರ್ಷ ಅವಳಿಗೆ ಹೊಟ್ಟೆಯ ಆಪರೇಷನ್ ಆಗಿ, ಉಳಿಯುವುದೇ ಕಷ್ಟ ಎಂದಿದ್ದರು. ಎಲ್ಲರ ಕಣ್ಣೂ ಅವಳ ಮೇಲೆ. ಪ್ರಿಸಿಲ್ಲಾ ಕಾಲೆಳೆದುಕೊಂಡು ಹೋಗಿ ನಿಂತಳು.

"ನಿಮ್ಮ ಹೆಸರು ನನಗೇ ಬಂದಿತ್ತು." ಅವಳನ್ನು 'ನೀವು' ಎಂದದ್ದು ಅದೇ ಮೊದಲು.

"ನಿಮಗಾ, ಟೀಚರಮ್ಮ?"

"ಹೂಂ. ದಿನಾ ಬೆಳಗ್ಗೆ ಮೊಣಕಾಲೂರಿ, ನಿಮ್ಮ ಹೆಸರು ಹೇಳಿ, ಕಣ್ಣೀರಿಟ್ಟು ಪ್ರಾರ್ಥನೆ ಮಾಡ್ತಿದ್ದೆ."

ಸುತ್ತಲಿದ್ದವರು "ಸ್ತೋತ್ರ, ಸ್ತೋತ್ರ" ಎಂದರು. ಪ್ರಿಸಿಲ್ಲಾಳ ಕಿವಿ ಬಿಸಿಯಾಯಿತು.

ರಾಹೇಲಮ್ಮ ತನ್ನ ಬೈಬಲ್ ತೆರೆದು, ಸುಕ್ಕು ನೀವಿ ಇಟ್ಟಿದ್ದ ಚೀಟಿಯೊಂದನ್ನು ಯಾರಿಗೂ ಕಾಣದಂತೆ ಅವಳ ಅಂಗೈಗೆ ಹಾಕಿದಳು.

"ಕಸ ಗುಡಿಸೋವಾಗ ಸಿಕ್ತು," ಎಂದು ಪಿಸುಗುಟ್ಟಿದಳು. "ಬಿಸಾಕಿದೋರು ಯಾರೂಂತ ಗೊತ್ತಿರ್ಲಿಲ್ಲ. ವರ್ಷವೆಲ್ಲಾ ಅವರಿಗೋಸ್ಕರಾನೂ ಬೇಡ್ಕೊಂಡೆ, ಟೀಚರಮ್ಮ."