ಒಂದು ಕೈ ಕಮ್ಮಿ

"ಒಂದೇ ಒಂದು ಕೈ ಕಮ್ಮಿ ಬೀಳ್ತಿದೆ, ಅತ್ತಿಗೆ," ಎನ್ನುತ್ತಾ ಆಡಳಿತ ಪಕ್ಷದ ಸಚೇತಕ ಆಸ್ಪತ್ರೆಯ ಕೋಣೆಗೇ ಗಾಲಿಕುರ್ಚಿ ತಳ್ಳಿಕೊಂಡು ಬಂದ. ಮತದಾನಕ್ಕೆ ಸಂಸದರನ್ನು ಹಿಡಿದು ತರುವುದೇ ಅವನ ಕೆಲಸ. ಲಕ್ವ ಹೊಡೆದು ಮಲಗಿದ್ದ ಸಂಸದನಿಗೆ ಹೆಂಡತಿ ಚಮಚದಲ್ಲಿ ಹಾಲು ಕುಡಿಸುತ್ತಿದ್ದಳು. ತಿಂಗಳುಗಟ್ಟಲೆ ಈ ಕಡೆ ತಲೆ ಹಾಕದ ಪಕ್ಷಕ್ಕೆ ಇವತ್ತು ಅಣ್ಣನ ನೆನಪು ಉಕ್ಕಿ ಬಂದಿತ್ತು!

"ಅಂಥಾದ್ದೇನಪ್ಪಾ ಅವಸರ?"

"ಎರಡು ಸಲ ದೇಶದ ಅಧ್ಯಕ್ಷರಾದವರು ಮೂರನೇ ಸಲ ನಿಲ್ಲೋ ಹಾಗಿಲ್ಲ ಅಂತ ಸಂವಿಧಾನದಲ್ಲಿದೆಯಲ್ಲ, ಅದನ್ನ ತೆಗೀತಿದ್ದೀವಿ. ಮೂರರಲ್ಲಿ ಎರಡು ಪಾಲು ಸದಸ್ಯರು ಕೈ ಎತ್ತಬೇಕು. ದೇಶಕ್ಕೋಸ್ಕರ, ಅತ್ತಿಗೆ."

"ದೇಶಕ್ಕೋ, ನಿಮ್ಮ ಅಧ್ಯಕ್ಷರ ಕುರ್ಚಿಗೋ? ಇವರಿಗೆ ನನ್ನ ಗುರುತೇ ಸಿಗಲ್ಲ. ಸಂವಿಧಾನ ಎಲ್ಲಿಂದ ಗೊತ್ತಾಗುತ್ತೆ?"

"ಗೊತ್ತಾಗೋದು ಯಾಕೆ? ಕೈ ಎದ್ರೆ ಸಾಕು." ಅವನು ದನಿ ತಗ್ಗಿಸಿದ. "ಈ ಕೋಣೆ, ಈ ಚಿಕಿತ್ಸೆ, ಎಲ್ಲಾ ಪಕ್ಷದ ಕಡೆಯಿಂದ ನಡೀತಿರೋದು. ಮರೀಬೇಡಿ."

ಆಕೆಗೆ ಮೈಯೆಲ್ಲಾ ಉರಿದುಹೋಯಿತು. ಹಾಲಿನ ಲೋಟವನ್ನು ಅವನ ಮುಖಕ್ಕೆ ಬೀಸಬೇಕೆನ್ನಿಸಿತು. ಆದರೆ ಗಂಡನ ಮೂಗಿಗೆ ಸಿಕ್ಕಿಸಿದ್ದ ಆಮ್ಲಜನಕದ ನಳಿಕೆ ಕಂಡಿತು. ಹಲ್ಲು ಕಚ್ಚಿಕೊಂಡು ಎದ್ದು ಗಂಡನಿಗೆ ಅಂಗಿ ತೊಡಿಸಿದಳು.

ಸದನದ ಬಾಗಿಲವರೆಗೆ, ಆಮ್ಲಜನಕದ ಸಿಲಿಂಡರ್ ಕಟ್ಟಿದ ಗಾಲಿಕುರ್ಚಿಯ ಹಿಂದೆಯೇ ನಡೆದಳು. ಅಲ್ಲಿ ಆಕೆಯನ್ನು ಹೊರಗೇ ನಿಲ್ಲಿಸಿದರು. ಬಾಗಿಲ ಗಾಜಿನಿಂದ ಎಲ್ಲವೂ ಕಾಣುತ್ತಿತ್ತು. "ಪರವಾಗಿರುವವರು ಕೈ ಎತ್ತಿ," ಎಂದು ಸಭಾಪತಿ ಹೇಳಿದ್ದೇ ತಡ, ಸಚೇತಕ ಆಕೆಯ ಗಂಡನ ಮೊಣಕೈ ಹಿಡಿದು ಮೇಲಕ್ಕೆತ್ತಿದ. ವಿರೋಧ ಪಕ್ಷದವರು ಹೋ ಎಂದು ಎದ್ದು ನಿಂತರು.

"ಮಾನ್ಯ ಸದಸ್ಯರು ಸ್ವಂತ ಇಚ್ಛೆಯಿಂದ ಎತ್ತಿದ್ದಾರಾ?"

"ಸಂಪೂರ್ಣ ಸ್ವಂತ ಇಚ್ಛೆಯಿಂದ, ಸಭಾಪತಿಗಳೇ," ಎಂದ ಸಚೇತಕ, ಆ ಮೊಣಕೈಯನ್ನು ಹಿಡಿದುಕೊಂಡೇ. ನಾಚಿಕೆ ಎಂಬುದು ಅವನ ಹತ್ತಿರವೂ ಸುಳಿದಿರಲಿಲ್ಲ.

ತಿದ್ದುಪಡಿ ಪಾಸಾಯಿತು. ಮೇಜು ಕುಟ್ಟಿದ್ದೇ ಕುಟ್ಟಿದ್ದು. ಸಚೇತಕ ಕೈ ಬಿಟ್ಟು, ಮುಂದಿನ ಸಾಲಿನವರ ಕೈಕುಲುಕಲು ಓಡಿದ. ಗಾಲಿಕುರ್ಚಿಯಲ್ಲಿ ಗಂಡ ಒಂದು ಪಕ್ಕಕ್ಕೆ ವಾಲಿದ. ಮೂಗಿನ ನಳಿಕೆ ಕಳಚಿ ಎದೆಯ ಮೇಲೆ ಬಿತ್ತು. ಒಬ್ಬರಾದರೂ ತಿರುಗಿ ನೋಡಲಿಲ್ಲ.

ಆಕೆ ಬಾಗಿಲು ತಳ್ಳಿದಳು. ಕಾವಲುಗಾರ ಅಡ್ಡ ಬಂದ.

"ಸದಸ್ಯರಲ್ಲದವರು ಒಳಗೆ ಹೋಗೋ ಹಾಗಿಲ್ಲಮ್ಮಾ. ನಿಯಮ ಇದೆ."

"ದೇಶದ ದೊಡ್ಡ ನಿಯಮಾನೇ ಈಗ ತಾನೇ ಕಿತ್ತು ಹಾಕಿದ್ರಲ್ಲಪ್ಪಾ," ಎಂದಳು ಆಕೆ, ಅವನ ತೋಳನ್ನು ಸರಿಸುತ್ತಾ. "ನನ್ನ ಪಾಲಿಗೆ ಇದೊಂದು ಮಾತ್ರ ಗಟ್ಟಿಯಾಗಿ ಉಳ್ಕೊಂಡಿತಾ?"